ಹಲ್ಲು ತಪ್ಪದ ಹಾಗೆ

ಬೆಲ್ಟು ಹೊಸದು, ಕ್ರಿಸ್‌ಮಸ್ಸಿನ ವಾರ ಹಾಕಿಸಿದ್ದು.
ಅದನ್ನು ಬಿಚ್ಚಬೇಡಿ, ಎಂದಳು ಲಾಮ್‌ಜೀರಾ,
ಅದರ ಸಾಲ ಇನ್ನೂ ತೀರಿಲ್ಲ.
ಕುತಾಯ್ಸಿಯ ಸೇತುವೆಯ ಬುಡದಲ್ಲಿ ನಮ್ಮ ತಗಡಿನ ಶೆಡ್ಡು.
ಹೊರಗೆ ಕತ್ತಲಲ್ಲಿ ರಿಯೋನಿ ಹೊಳೆ
ಕಲ್ಲುಗಳ ಜೊತೆ ಏನೋ ಹಳೇ ಲೆಕ್ಕ ಗೊಣಗುತ್ತಿತ್ತು.
ಒಳಗೆ ಅವಳ ಓಪೆಲ್, ಇಪ್ಪತ್ತಾರು ವರ್ಷದ್ದು,
ಹಿಂದಿನ ಸೀಟಿನ ತುಂಬ ಹಿಟ್ಟಿನ ಧೂಳು.
ನಾಲ್ಕು ಗಂಟೆಗೆ ರೊಟ್ಟಿ ಹೊರಡಬೇಕು, ಏಳು ಅಂಗಡಿಗೆ.

ಮುರ್ಮಾನ್ ಎಂಜಿನ್ನಿನ ತಲೆಮುಚ್ಚಳ ತೆಗೆದು ಟಾರ್ಚು ಬಿಟ್ಟ.
ಕ್ಯಾಮ್‌ಶಾಫ್ಟಿನ ಮೊಟ್ಟೆಯಂಥ ಉಬ್ಬುಗಳಲ್ಲಿ
ಮೂರನೆಯದು ಸವೆದು ದುಂಡಗಾಗಿತ್ತು,
ಚೀಪಿ ಚೀಪಿ ಉಳಿದ ಪೆಪ್ಪರ್‌ಮಿಂಟಿನ ಹಾಗೆ.
"ಎರಡೂ ಶಾಫ್ಟು ಬದಲಿಸೋಣ. ಬೆಲ್ಟು ಇದ್ದಲ್ಲೇ ಇರಲಿ."
ನಾನು ನಕ್ಕೆ.
ಅವನು ನಗಲಿಲ್ಲ.

ಅವಳ ಚೀಲದಿಂದ ಕೆಂಪು ಉಗುರುಬಣ್ಣ ಇಸಿದುಕೊಂಡು
ಬೆಲ್ಟಿನ ಮೇಲೊಂದು ಗೀಟು, ಪುಲ್ಲಿಯ ಮೇಲೊಂದು ಗೀಟು.
ಎರಡನ್ನೂ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿ,
ಪುಲ್ಲಿಯನ್ನಷ್ಟೇ ಶಾಫ್ಟಿನಿಂದ ಬಿಡಿಸಿ ಮುಂದೆ ಎಳೆದ.
ಒಂದು ಹಲ್ಲು, ಬಿಚೋ, ಒಂದೇ ಒಂದು ಹಲ್ಲು ಜಾರಿದರೆ
ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವು ಬಾಗಿಲಲ್ಲೇ ನಿಂತಿರುತ್ತೆ.
ಆಮೇಲೆ ರೊಟ್ಟಿ ಹೊರಲು ಕತ್ತೆ ಹುಡುಕಬೇಕು.

ಮೊದಲನೆಯದು ಸಲೀಸು.
ಎರಡನೆಯದರಲ್ಲಿ, ಶಾಫ್ಟು ಆಗಷ್ಟೇ ಎತ್ತಿದ್ದ,
ಫೆಬ್ರವರಿಯ ಚಳಿಗೆ ಪಟ್ಟಿ ಟಪ್ಪೆಂದು ಮುರಿಯಿತು.
ಹೇಗೆ ಹಿಡಿದೆನೋ ಗೊತ್ತಿಲ್ಲ.
ಎರಡೂ ಕೈಯಲ್ಲಿ ಪುಲ್ಲಿ, ಅದರ ಸುತ್ತ ಬೆಲ್ಟು,
ಕೆಳಗಿನಿಂದ ಸ್ಪ್ರಿಂಗಿನ ಎಳೆತ.
ಬೆಲ್ಟಿನ ಹಲ್ಲು ಪುಲ್ಲಿಯನ್ನು ಕಚ್ಚಿತ್ತು,
ನಾನು ನನ್ನದನ್ನು ಕಚ್ಚಿದ್ದೆ.

ಆಗಲೇ ಮುರ್ಮಾನ್ ತಿರುಗಿ ಬೆಂಚು ನೋಡಿದ್ದು.
ಬೇರಿಂಗಿನ ಐದು ಟೋಪಿಗಳು ಫಳಫಳ ಹೊಳೆಯುತ್ತಿದ್ದವು.
"ಕೊಳಕಾಗಿದ್ದವು. ಒರೆಸಿಟ್ಟೆ," ಎಂದಳು ಲಾಮ್‌ಜೀರಾ,
ಸೀಮೆಎಣ್ಣೆಯ ಬಟ್ಟೆ ಕೈಯಲ್ಲಿ.
ಅವನು ಮಾರ್ಕರಿನಲ್ಲಿ ಬರೆದಿದ್ದ ಒಂದು ಎರಡು ಮೂರು
ಆ ಬಟ್ಟೆಯೊಳಗೆ ಕಲಸಿಹೋಗಿತ್ತು.
ಕಾರ್ಖಾನೆಯ ಅಂಕಿಯನ್ನು ಯಾವ ಕಾಲದಲ್ಲೋ ಯಾರೋ ಉಜ್ಜಿ ಅಳಿಸಿದ್ದರು.
ಜಾಗ ಬದಲಾದ ಟೋಪಿ ಶಾಫ್ಟಿನ ಕುತ್ತಿಗೆ ಹಿಚುಕುತ್ತದೆ.

ಯಾರೂ ಮಾತಾಡಲಿಲ್ಲ. ಹೊಳೆ ಮಾತ್ರ.
ನನ್ನ ಮೂಗಿನ ತುದಿ ತುರಿಸತೊಡಗಿತು.

ಮುರ್ಮಾನ್ ಬೈಯುತ್ತಾನೆ ಅಂದುಕೊಂಡೆ.
ಅವನು ಗುಜರಿ ಡಬ್ಬಕ್ಕೆ ಕೈ ಹಾಕಿ
ಐದು ನಿಮಿಷದ ಹಿಂದೆ ಎಸೆದ ಹಳೇ ಶಾಫ್ಟನ್ನೇ ತೆಗೆದ,
ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡ.
ಒಂದೊಂದೇ ಟೋಪಿ ಅದರ ಮೇಲಿಟ್ಟು, ಕಣ್ಣು ಮುಚ್ಚಿ,
ಉಗುರಿನಿಂದ ಗೀರು ತಡವುತ್ತ ಕೇಳಿದ:
ಇದು ನಿನ್ನದಾ? ಅಲ್ಲ. ಇದು?
ಅಲ್ಲಿ ಗೀರಿದ್ದ ಕಡೆ ಇಲ್ಲೂ ಗೀರು.
ಇಪ್ಪತ್ತಾರು ವರ್ಷ ಒಂದನ್ನೊಂದು ಉಜ್ಜಿಕೊಂಡಿದ್ದವು,
ಸುಳ್ಳು ಹೇಳಲು ಬರುತ್ತಿರಲಿಲ್ಲ.

ಎಷ್ಟು ಹೊತ್ತೋ. ನನ್ನ ಹೆಬ್ಬೆರಳು ನನ್ನದಾಗಿರಲಿಲ್ಲ.
"ಮೂಗು," ಅಂದೆ. ಲಾಮ್‌ಜೀರಾ
ಹಿಟ್ಟಿನ ಕೈಯಿಂದಲೇ ತುರಿಸಿದಳು,
ಇನ್ನೂ ಸ್ವಲ್ಪ ಎಡಕ್ಕೆ ಎಂದು ನಾನು ಹೇಳುವ ಮೊದಲೇ.

ಹೊಸ ಶಾಫ್ಟಿಗೆ ಎಣ್ಣೆ ಸವರಿ ಕೂರಿಸಿದ.
ನಡುವಿನಿಂದ ಹೊರಕ್ಕೆ, ಬೋಲ್ಟಿಗೆ ಅರ್ಧರ್ಧ ಸುತ್ತು,
ಅವಸರದ ಕೈಗೆ ಒಂದು ಸುತ್ತೂ ಕೊಡದೆ.
ಪುಲ್ಲಿ ತನ್ನ ಮನೆಗೆ ಹೋಯಿತು.
ಬಿಡು, ಅಂದ. ನಾನು ಬಿಡಲಿಲ್ಲ.
ಬಿಡೋ, ಅಂದ.

ಕೀಲಿ ಮುಟ್ಟಿಸಲಿಲ್ಲ. ಮೊದಲು ಸ್ಪ್ಯಾನರಿನಿಂದ ಎರಡು ಸುತ್ತು, ಕೈಯಲ್ಲೇ,
ಎಲ್ಲಾದರೂ ಕಬ್ಬಿಣ ಕಬ್ಬಿಣಕ್ಕೆ ತಾಗುತ್ತದೋ ಎಂದು ಕಿವಿಗೊಟ್ಟು.
ಪುಲ್ಲಿಯ ಕೆಂಪು ಗೀಟು ಒಮ್ಮೆ ಬಂತು, ಹೊರಟುಹೋಯಿತು,
ಮತ್ತೆ ಬಂದು ತಾನು ಹೊರಟಲ್ಲೇ ನಿಂತಿತು.

ಮೂರೂ ಹತ್ತಕ್ಕೆ ಓಪೆಲ್ ಕೆಮ್ಮಿತು. ಟಕಟಕ ಟಕಟಕ.
ಲಾಮ್‌ಜೀರಾ ಶಿಲುಬೆ ಗೀಚಿಕೊಂಡಳು.
ಎಣ್ಣೆ ಮೇಲೇರಿತು, ಟಕಟಕ ನಿಂತಿತು.
ಅರ್ಧ ದುಡ್ಡು ಈಗ, ಉಳಿದದ್ದು ಈಸ್ಟರಿಗೆ.

ಹಳೇ ಶಾಫ್ಟನ್ನು ಮುರ್ಮಾನ್ ಬಾಗಿಲಿಗೆ ಒಡ್ಡಿಟ್ಟ, ಗಾಳಿಗೆ ಬಡಿಯದಿರಲೆಂದು.
ಐದಕ್ಕೆ ಅವಳು ವಾಪಸು ಬಂದು ಕಿಟಕಿಯಿಂದ ಒಂದು ರೊಟ್ಟಿ ಚಾಚಿದಳು,
ಒಲೆಯ ಗೋಡೆಯಿಂದ ಆಗಷ್ಟೇ ಕಿತ್ತದ್ದು.
ಬೆರಳು ಇನ್ನೂ ಬಿಚ್ಚಿರಲಿಲ್ಲ.
ಪುಲ್ಲಿ ಹಿಡಿದ ಹಾಗೇ ಹಿಡಿದುಕೊಂಡೆ,
ಸುಡುತ್ತಿತ್ತು.